ಹುಡುಗರ ಬಾಯಲ್ಲಿ ಹೋರಾಟದ ಹಾಡು

ಮಾನ್ಯ ಸಂಪಾದಕರೇ,

ನಮ್ಮ ಬೀದಿಯ ಕಾಲೇಜು ಹುಡುಗರು ಸಂಜೆ ತಮಟೆ ಹಿಡಿದು ಕೂರುತ್ತಾರೆ. ಹಾಡುವುದು ದಲಿತ ಕವಿ ಸಿದ್ದಲಿಂಗಯ್ಯನವರ ಹಾಡುಗಳನ್ನು. 1975ರಲ್ಲಿ ಅವರ ‘ಹೊಲೆಮಾದಿಗರ ಹಾಡು’ ಕವನ ಸಂಕಲನ ಬಂದಾಗ ಇವರ ಅಪ್ಪಂದಿರೇ ಹುಟ್ಟಿರಲಿಲ್ಲ! ಸ್ವಾತಂತ್ರ್ಯ ಯಾರಿಗೆ ಬಂತು ಎಂದು ಕೇಳುವ ಹಾಡಿಗೆ ಬಂದರೆ ಸಾಕು, ಅವರ ದನಿ ಏರುತ್ತದೆ. ಫೋನಿನಲ್ಲಿ ಕೇಳಿ ಕಲಿತರಂತೆ.

ನಾನು ಆ ಹಾಡುಗಳನ್ನು ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಕೇಳಿದವನು. ಮೈಕ್ ಇಲ್ಲದಿದ್ದರೂ ನಡೆಯುತ್ತಿತ್ತು. ಒಂದು ತಮಟೆ, ನಾಲ್ಕು ಗಂಟಲು, ಅಷ್ಟೇ. ಕೇಳುತ್ತಾ ನಿಂತವರೂ ಎರಡನೇ ಸಲಕ್ಕೆ ದನಿಗೂಡಿಸುತ್ತಿದ್ದರು.

ಈಗಿನವರಿಗೆ ಇದೆಲ್ಲ ಬೇಡ ಅಂತ ಸುಮ್ನೆ ದೂರುತ್ತೇವೆ, ಅಲ್ವಾ? ಮೊನ್ನೆ ಒಬ್ಬ ಹುಡುಗ ಬಂದು, ‘ತಾತ, ಈ ಸಾಲನ್ನು ಆಗ ಯಾವ ಧಾಟೀಲಿ ಹಾಡ್ತಿದ್ರು?’ ಅಂತ ಕೇಳಿದ. ಹಾಡಿ ತೋರಿಸುವಾಗ ನನ್ನ ಕಣ್ಣು ತುಂಬಿತ್ತು.

ಆ ಧಾಟಿ ಬಲ್ಲವರು ಕಮ್ಮಿಯಾಗುತ್ತಿದ್ದಾರೆ. ಸಿದ್ದಲಿಂಗಯ್ಯನವರೂ 2021ರಲ್ಲಿ ಹೋದರು. ಮನೆಗಳಲ್ಲಿ ಉಳಿದ ಕ್ಯಾಸೆಟ್‌ಗಳು ಹಾಳಾಗುವ ಮುಂಚೆ ನಮ್ಮ ಜಾನಪದ ವಿಶ್ವವಿದ್ಯಾಲಯ ಅವನ್ನು ಸಂಗ್ರಹಿಸಲಿ. ಹಳೆಯ ಹಾಡುಗಾರರನ್ನು ಕೂರಿಸಿ ಹಾಡಿಸಿ, ಈ ಹುಡುಗರಿಗೆ ಸಿಗುವ ಹಾಗೆ ಇಡಲಿ.

– ಒಬ್ಬ ಓದುಗ, ಕೋಲಾರ