ಮುಳ್ಳು 7ರ ಎಡಕ್ಕೆ ನಿಲ್ಲಲಿ

ಪ್ರೀತಿಯ ತಮ್ಮ,

ಭದ್ರಾವತಿ ಆಕಾಶವಾಣಿಯ ಬೆಳಗಿನ ಉದ್ಘೋಷಕರ ಬಗ್ಗೆ ನೀನು ಬರೆದ ಲೇಖನ ಓದಿದೆ. ನಿನಗೆ ಕೈ ಓಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ 'ಆ ಮಧುರ ದಿನಗಳು' ನಾಲ್ಕು ಕಡೆ ಬಂದಿದೆ, ಗಂಟೆ ಎಷ್ಟಾಗಿತ್ತೆಂಬುದು ಒಂದು ಕಡೆಯೂ ಬಂದಿಲ್ಲ. ಮಲೆನಾಡಿನ ಮನೆಗಳಲ್ಲಿ ಬೆಳಗಿನ ರೇಡಿಯೊ ಮೊದಲು ಗಡಿಯಾರ, ಆಮೇಲೆ ಹಾಡು. ಪ್ರಸಾರ ಶುರುವಾಗುವ ಸಿಗ್ನೇಚರ್ ಟ್ಯೂನಿಗೆ ಬಚ್ಚಲೊಲೆಗೆ ಬೆಂಕಿ, 'ಚಿಂತನ' ಎಂಬ ಕಿರುಭಾಷಣದ ಹೊತ್ತಿಗೆ ಕೊಟ್ಟಿಗೆ ಕೆಲಸ, 6.55ರ ಸಂಸ್ಕೃತ ವಾರ್ತೆಗೆ ಮಕ್ಕಳನ್ನು ಎಬ್ಬಿಸುವುದು, 7.35ಕ್ಕೆ ದೆಹಲಿಯಿಂದ ಕನ್ನಡ ವಾರ್ತೆ ಶುರುವಾದರೆ ಶಾಲೆಗೆ ತಡವಾಯಿತೆಂಬ ಗಲಾಟೆ. ಸಂಸ್ಕೃತದ ಒಂದಕ್ಷರ ತಿಳಿಯದ ಮನೆಯಲ್ಲೂ ಆ ವಾರ್ತೆಗೆ ಕೆಲಸವಿತ್ತು. ಅಂದ ಹಾಗೆ ಅದು ಶುರುವಾದದ್ದು 1974ರಲ್ಲಿ. ನೀನು 1968ರ ಅಡುಗೆಮನೆಯಲ್ಲೇ ಅದನ್ನು ಕೇಳಿಸಿದ್ದೀಯ, ತೆಗೆದುಬಿಡು. ನಿಲಯ 1965ರದು, ಅದನ್ನು ಸರಿಯಾಗಿ ಬರೆದಿದ್ದೀಯ.

'ದಿನಾ ಬೆಳಿಗ್ಗೆ ಅದೇ ದನಿ' ಎಂಬ ಸಾಲೂ ನಿಲ್ಲುವುದಿಲ್ಲ. ಉದ್ಘೋಷಕರಿಗೆ ಪಾಳಿ ಇರುತ್ತಿತ್ತು. ಇವತ್ತು ಬೆಳಗಿನವರು ನಾಳೆ ಸಂಜೆಗೆ ಹೋಗುತ್ತಿದ್ದರು. ವಾರ್ತೆ ಓದುವವರು ಹೆಸರು ಹೇಳುತ್ತಿದ್ದರು, ಉದ್ಘೋಷಕರು ಸಾಮಾನ್ಯವಾಗಿ ನಿಲಯದ ಹೆಸರಷ್ಟೇ ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಹಾಗಾಗಿ ಕೇಳುಗರಿಗೆ ಗೊತ್ತಿದ್ದದ್ದು ದನಿ ಮಾತ್ರ. ಒಂದೇ ದನಿಗೆ ಸಾಗರದಲ್ಲಿ ಒಬ್ಬರು ಒಂದು ಹೆಸರು ಹೇಳುತ್ತಾರೆ, ಕೊಪ್ಪದಲ್ಲಿ ಇನ್ನೊಬ್ಬರು ಇನ್ನೊಂದು. ನೆನಪನ್ನು ನಂಬಿ ಹೆಸರು ಹಾಕಬೇಡ. ಆಗಿನ ದಿನಪತ್ರಿಕೆಗಳಲ್ಲಿ ಆಯಾ ದಿನದ ಕಾರ್ಯಕ್ರಮಪಟ್ಟಿ ಬರುತ್ತಿತ್ತು. ಗ್ರಂಥಾಲಯದಲ್ಲಿ ಹಳೆಯ ಕಟ್ಟು ತೆಗೆಸಿ ಅದರೊಂದಿಗೆ ತಾಳೆ ನೋಡು.

ಇನ್ನು ನೀನು ಪೂರ್ತಿ ಬಿಟ್ಟಿರುವುದು ಅವರ ಕೆಲಸವನ್ನು. ಅವರ ಕಸುಬು ಲೆಕ್ಕದ್ದು. 6.55ಕ್ಕೆ ದೆಹಲಿಯ ವಾರ್ತೆ ಯಾರಿಗೂ ಕಾಯುತ್ತಿರಲಿಲ್ಲ. ಗಡಿಯಾರ 6.50 ದಾಟಿ ಇಪ್ಪತ್ತು ಸೆಕೆಂಡು ತೋರಿಸುತ್ತಿದೆ ಅಂದುಕೊ. ಉಳಿದದ್ದು 4 ನಿಮಿಷ 40 ಸೆಕೆಂಡು. ಕೈಯಲ್ಲಿರುವ ಹಾಡು 3 ನಿಮಿಷ 20 ಸೆಕೆಂಡಿನದು. ಮಾತಿಗೆ ಇಪ್ಪತ್ತು ಸೆಕೆಂಡು ಕೊಟ್ಟರೂ ಇನ್ನೊಂದು ನಿಮಿಷ ಖಾಲಿ. ಅದಕ್ಕೆ ಕೊಳಲೋ ವೀಣೆಯೋ ತುಂಬಬೇಕು, ಸಮಯಕ್ಕೆ ಸರಿಯಾಗಿ ದನಿ ಏರಿಸಿ ಇಳಿಸುವ ಹಿಡಿ, ಫೇಡರ್, ಇಳಿಸಬೇಕು. ಬೇಗ ಇಳಿಸಿದರೆ ಊರಿಡೀ ನಿಶ್ಶಬ್ದ, ತಡವಾದರೆ ವಾರ್ತೆಯ ಮೊದಲ ವಾಕ್ಯ ಹೋಯಿತು. ಎರಡೂ ಪ್ರಸಾರದ ದಿನಚರಿ ಬರೆಯುವ ಲಾಗ್ ಪುಸ್ತಕಕ್ಕೆ ಏರುತ್ತವೆ. ನೀನು 'ಶಾಂತ, ಗಂಭೀರ' ಎಂದು ಬರೆದ ದನಿ ಈ ಕೂಡಿಸಿ ಕಳೆಯುವ ಮಧ್ಯೆಯೇ ಬರುತ್ತಿತ್ತು. ಅದನ್ನು ಹೇಳಿದರೆ ವಿಶೇಷಣಗಳು ಬೇಕಾಗುವುದಿಲ್ಲ.

ಆ ದನಿ ಯಾಕೆ ಪಕ್ಕದ ಮನೆಯವರದ್ದು ಅನ್ನಿಸುತ್ತಿತ್ತು ಎಂಬ ಪ್ರಶ್ನೆ ಕೇಳಿ ಉತ್ತರ ಕೊಡದೆ ಬಿಟ್ಟಿದ್ದೀಯ. ಒಂದು ಕಾರಣ ಬರೀ ತಾಂತ್ರಿಕ. ಉಪಗ್ರಹ ಸಂಪರ್ಕ ಬರುವ ಮುಂಚೆ ದೆಹಲಿಯ ವಾರ್ತೆಯನ್ನು ಪ್ರಾದೇಶಿಕ ನಿಲಯಗಳು ಶಾರ್ಟ್‌ವೇವ್‌ನಲ್ಲಿ ಹಿಡಿದು ಮರುಪ್ರಸಾರ ಮಾಡುತ್ತಿದ್ದವು. ಅದು ಏರುತ್ತಿತ್ತು, ಇಳಿಯುತ್ತಿತ್ತು, ನಡುವೆ ನೀರೊಳಗಿಂದ ಬಂದಂತೆ ಕೇಳುತ್ತಿತ್ತು. ಅದು ಮುಗಿದ ತಕ್ಷಣ ಸ್ಥಳೀಯ ಉದ್ಘೋಷಕರ ಮಾತು, ಒಂದು ಗೇಣು ದೂರದ ಮೈಕಿನಿಂದ ಸ್ಪಷ್ಟವಾಗಿ. ಆ ವ್ಯತ್ಯಾಸ ಕಿವಿಗೆ ದಿನಾ ಬೀಳುತ್ತಿತ್ತು.

ಮಧ್ಯಮ ತರಂಗವನ್ನೂ, ಅಂದರೆ ಮೀಡಿಯಂ ವೇವ್, ಸ್ವಲ್ಪ ಓದಿಕೊ. ಭದ್ರಾವತಿಯದು 675 ಕಿಲೋಹರ್ಟ್ಸ್, ಅಂದರೆ ಸುಮಾರು 444 ಮೀಟರ್ ಉದ್ದದ ಅಲೆ. ನೆಲ ಹಿಡಿದು ಹೋಗುತ್ತದೆ, ಗುಡ್ಡವನ್ನು ಬಳಸಿಕೊಂಡು ಆಚೆ ಇಳಿಯುತ್ತದೆ. ಎಫ್‌ಎಂ ಅಲೆಯ ಉದ್ದ ಸುಮಾರು ಮೂರೇ ಮೀಟರ್, ಘಟ್ಟ ಅಡ್ಡ ಬಂದರೆ ಅಲ್ಲಿಗೇ ಮುಗಿಯಿತು. ಡಯಲಿನ ಮೇಲೆ 6, 7, 8 (ಅಂದರೆ 600, 700, 800 ಕಿಲೋಹರ್ಟ್ಸ್) ಎಂದಿರುವ ಕಡೆ ಮುಳ್ಳು 7ಕ್ಕಿಂತ ಸ್ವಲ್ಪ ಎಡಕ್ಕೆ ನಿಲ್ಲಬೇಕು. ನೀನು ಅದನ್ನು 'ಡಯಲಿನ ಬಲತುದಿ'ಗೆ ಒಯ್ದಿದ್ದೀಯ, ಅಲ್ಲಿ ಭದ್ರಾವತಿ ಸಿಗುವುದಿಲ್ಲ. ಇನ್ನೊಂದು, ಟ್ರಾನ್ಸಿಸ್ಟರ್ ಒಳಗೆ ಉದ್ದಕ್ಕೆ ಮಲಗಿರುವ, ಅಲೆ ಹಿಡಿಯುವ ಫೆರೈಟ್ ಕಡ್ಡಿ. ಅದರ ತುದಿ ನಿಲಯದ ಕಡೆಗಿದ್ದರೆ ದನಿ ಅಡಗುತ್ತದೆ, ಕಡ್ಡಿ ಅಡ್ಡಲಾಗಿದ್ದರೆ ಜೋರಾಗುತ್ತದೆ. ತೀರ್ಥಹಳ್ಳಿಗೆ ಭದ್ರಾವತಿ ಪೂರ್ವ. ಅಲ್ಲಿ ಪೆಟ್ಟಿಗೆಯ ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ಇರಬೇಕು, ಉತ್ತರಕ್ಕೆ ತಿರುಗಿಸಿದರೆ ಬರೀ ಗೊರಗೊರ. ಗೂಡಿನಲ್ಲಿಟ್ಟ ರೇಡಿಯೊವನ್ನು ಮಕ್ಕಳು ಮುಟ್ಟಿದರೆ ಹಿರಿಯರು ಯಾಕೆ ಗದರುತ್ತಿದ್ದರು ಎಂದು ಇದರಿಂದ ತಿಳಿಯುತ್ತದೆ. ಮಳೆಗಾಲದಲ್ಲಿ ಮಿಂಚು ಹೊಡೆದಾಗೆಲ್ಲ ಕರಕರ, ಶೀತಕ್ಕೆ ಚರ್ಮದ ಕವರಿಗೆ ಬೂಸ್ಟು, ಹಳೆಯ ಸೆಲ್ ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ. ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ದೂಡುವುದಂತೂ ಎಲ್ಲರ ಮನೆಯಲ್ಲೂ ಇತ್ತು.

ಕೃಷಿ ಸಲಹೆಯ ಭಾಗವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ನನ್ನ ಪ್ರಕಾರ ಲೇಖನದ ಜೀವ ಅಲ್ಲಿದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡ 1ರ ಬೋರ್ಡೋ ದ್ರಾವಣ ಹೇಗೆ ಮಾಡುವುದೆಂದು ಬಾಯಲ್ಲಿ ಹೇಳಿ ನೋಡು. ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿ, 50 ಲೀಟರ್ ನೀರಿನಲ್ಲಿ. ಸುಣ್ಣ 1 ಕೆಜಿ, ಬೇರೆ ಪಾತ್ರೆಯಲ್ಲಿ ಇನ್ನು 50 ಲೀಟರ್. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಕಲಕುತ್ತಾ. ತಿರುಗಾಮುರುಗಾ ಆದರೆ ದ್ರಾವಣ ಕೆಡುತ್ತದೆ. ಕಬ್ಬಿಣದ ಪಾತ್ರೆ ಬೇಡ. ಕೇಳುವವನ ಕೈಯಲ್ಲಿ ಪೆನ್ಸಿಲ್, ಕ್ಯಾಲೆಂಡರಿನ ಹಿಂಬದಿ. ಅವನು ಪುಟ ಹಿಂದಕ್ಕೆ ತಿರುವುವಂತಿಲ್ಲ. ಆದ್ದರಿಂದ ಒಂದು ವಾಕ್ಯಕ್ಕೆ ಒಂದೇ ಸಂಖ್ಯೆ, ಮೊದಲು ವಸ್ತು ಆಮೇಲೆ ತೂಕ, ಕ್ರಮ ತಪ್ಪಬಾರದು, ಕೊನೆಗೆ ಎಲ್ಲ ಮತ್ತೊಮ್ಮೆ. ಓದುವ ವೇಗ ಹೆಚ್ಚಾದರೆ ಬರೆದುಕೊಳ್ಳಲಾಗದು. ನಿನ್ನ ವಾಕ್ಯಗಳನ್ನೂ ಒಮ್ಮೆ ಹೀಗೆ ಗಟ್ಟಿಯಾಗಿ ಓದಿ ನೋಡು. ಎರಡನೇ ಪುಟದಲ್ಲಿ ಒಂದು ವಾಕ್ಯ ಏಳು ಸಾಲು ಹೋಗಿದೆ, ಉಸಿರು ಕಟ್ಟುತ್ತದೆ.

ಕೋರಿಕೆ ಕಾರ್ಯಕ್ರಮ, 15 ಪೈಸೆಯ ಅಂಚೆ ಕಾರ್ಡು, ಹೆಸರುಗಳ ಸಾಲು: ಇದೆಲ್ಲ ಇರಲಿ, ಆದರೆ ಚಿಕ್ಕದಾಗಲಿ. ಎಲ್ಲರೂ ಬರೆದಿದ್ದಾರೆ.

ಹಳೆಯ ದನಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀಯ. ನಿಲಯದಲ್ಲಿ ಸಿಗುವುದು ಕಮ್ಮಿ. ಕಾಲು ಇಂಚು ಅಗಲದ ಟೇಪು ದುಬಾರಿ, 1,200 ಅಡಿಯ ಒಂದು ಸುರುಳಿ ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ 32 ನಿಮಿಷಕ್ಕೆ ಮುಗಿಯುತ್ತದೆ. ಅಳಿಸಿ ಮತ್ತೆ ಬಳಸುತ್ತಿದ್ದರು. ಮೇಲಾಗಿ ಉದ್ಘೋಷಣೆ ನೇರ ಪ್ರಸಾರ, ಅದನ್ನು ಯಾರು ಮುದ್ರಿಸಿಕೊಳ್ಳುತ್ತಾರೆ? ಉಳಿದಿದ್ದರೆ ಮನೆಗಳ ಅಟ್ಟದ ಕ್ಯಾಸೆಟ್‌ಗಳಲ್ಲಿ. ಸಿಕ್ಕ ಕೂಡಲೇ ಪ್ಲೇಯರಿಗೆ ಹಾಕಬೇಡ. ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಇದೆಯೇ ನೋಡು, ಇದ್ದರೆ ಪ್ಲೇಯರಿನ ಹೆಡ್ಡಿಗೆ ಮೆತ್ತಿಕೊಂಡು ದನಿ ಮಂಕಾಗುತ್ತದೆ. ಕ್ಯಾಸೆಟ್ ಬಾಯಿಯ ನಡುವಿನ ಪುಟ್ಟ ಮೆತ್ತೆ ಉದುರಿದ್ದರೂ ಅದೇ ಕತೆ. ಪೆನ್ಸಿಲ್ ತೂರಿಸಿ ನಿಧಾನಕ್ಕೆ ತಿರುಗಿಸು, ಪದರ ಅಂಟಿದ್ದರೆ ಬಿಗಿಯಾಗುತ್ತದೆ, ಎಳೆಯಬೇಡ. ಮತ್ತೆ ನೆನಪಿಡು, ಜನ ಮುದ್ರಿಸಿದ್ದು ಹಾಡನ್ನು. ಉದ್ಘೋಷಕರು ಬಾಯಿ ತೆಗೆದ ತಕ್ಷಣ ಮುದ್ರಣ ತಡೆಯುವ ಪಾಸ್ ಗುಂಡಿ ಒತ್ತುತ್ತಿದ್ದರು. ಒತ್ತುವುದು ಅರೆಕ್ಷಣ ತಡವಾದ ಕಡೆ ಮಾತ್ರ ಒಂದೆರಡು ಪದ ಸಿಗುತ್ತದೆ. ಹಾಡುಗಳ ಕೊನೆಯ ಹತ್ತು ಸೆಕೆಂಡು ಮಾತ್ರ ಕೇಳುತ್ತಾ ಹೋಗು, ಸಿಕ್ಕದ್ದನ್ನು ಇದ್ದ ಹಾಗೆ ಬರೆದುಕೊ, ಅರ್ಧ ಪದವಾದರೆ ಅರ್ಧ ಪದವೇ.

ತಿದ್ದಿದ ಪ್ರತಿಯನ್ನು ದೀಪಾವಳಿಯೊಳಗೆ ಕಳಿಸು.

ಇಂತಿ,
ನಿನ್ನ ಅಣ್ಣ