ರಿಪೀಟರ್‌ಗೆ ಮಾತು ಕಲಿಸುವ ಮುನ್ನ

ಪ್ರೀತಿಯ ಗೆಳೆಯಾ,

ಧಾರವಾಡದ ನಿಮ್ಮ ಹ್ಯಾಮ್ (ಹವ್ಯಾಸಿ) ರೇಡಿಯೋ ರಿಪೀಟರ್‌ಗೆ, ಅಂದರೆ ದೂರದ ಸೆಟ್‌ಗಳ ಮಾತು ಹಿಡಿದು ಮುಂದೆ ದಾಟಿಸುವ ಪೆಟ್ಟಿಗೆಗೆ, ಅದನ್ನು ನಡೆಸುವ ಹೊಸ ಕಂಟ್ರೋಲರ್ ಬಂತು ಅಂತ ಓದಿ ಖುಷಿಯಾಯಿತು. ದನಿ ರೆಕಾರ್ಡ್ ಮಾಡುವ ಸೌಲಭ್ಯ ಇದೆ, ಸ್ವಾಗತ, ಹವಾಮಾನ, ಹಬ್ಬದ ಶುಭಾಶಯ ಎಲ್ಲಾ ಹಾಕೋಣ ಅಂತಿದ್ದೀಯ. ಹಾಕು, ಬೇಡ ಅನ್ನಲ್ಲ. ಆದರೆ ಪುಣೆಯ ಹತ್ತಿರ ಗುಡ್ಡದ ಮೇಲಿರುವ ನಮ್ಮ ಗುಂಪಿನ ಪೆಟ್ಟಿಗೆಯನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಒಂದು ವಿಷಯ ಗೊತ್ತಾಗಿದೆ. ರೆಕಾರ್ಡ್ ಮಾಡೋಕೆ ಹತ್ತು ಜನ ಮುಂದೆ ಬರುತ್ತಾರೆ. ಅಳಿಸೋಕೆ ಒಬ್ಬರೂ ಇರಲ್ಲ.

ಪಂಢರಪುರಕ್ಕೆ ಕಾಲ್ನಡಿಗೆಯ ಯಾತ್ರೆ ಹೋಗುವ ವಾರಿಯ ಸಮಯದ್ದೇ ತಗೋ. ಜ್ಞಾನೇಶ್ವರರ ಪಲ್ಲಕ್ಕಿ ಪುಣೆಯಿಂದ ಹೊರಟು ದಿವೇ ಘಾಟ್ ಹತ್ತಿ ಸಾಸವಡಕ್ಕೆ ಹೋಗುತ್ತದೆ ಅಲ್ವಾ? ಘಾಟಿನ ತಿರುವುಗಳಲ್ಲಿ ಕೈಯಲ್ಲಿರುವ ಸೆಟ್ ನೇರವಾಗಿ ಊರಿಗೆ ಮುಟ್ಟಲ್ಲ. ಗುಡ್ಡದ ಮೇಲಿನ ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, 600 ಕಿಲೋಹರ್ಟ್ಜ್ ಆಚೆಯ ಇನ್ನೊಂದರಲ್ಲಿ ಅದನ್ನೇ ದಾಟಿಸುತ್ತದೆ. ಸ್ವಯಂಸೇವಕರಿಗೆ ಅಂತ ಯಾರೋ ಪುಣ್ಯಾತ್ಮರು ‘ಪಲ್ಲಕ್ಕಿ ಘಾಟ್ ಹತ್ತುತ್ತಿದೆ, ಚಾನೆಲ್ ಖಾಲಿ ಬಿಡಿ’ ಅಂತ ಒಂದು ಸಂದೇಶ ರೆಕಾರ್ಡ್ ಮಾಡಿ ಇಟ್ಟರು. ಒಳ್ಳೆಯ ಕೆಲಸವೇ. ಆದರೆ ಪಲ್ಲಕ್ಕಿ ಸಾಸವಡ ದಾಟಿ ಜೇಜುರಿ ಕಡೆ ಹೋದ ಮೇಲೂ ನಮ್ಮ ರಿಪೀಟರ್ ಮಾತ್ರ ಅದನ್ನು ಘಾಟ್ ಹತ್ತಿಸುತ್ತಲೇ ಇತ್ತು! ಕೇಳಿದವರು ಮೊದಲು ನಕ್ಕರು. ಆಮೇಲೆ ರಿಪೀಟರ್ ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟರು. ನನಗೆ ಬೇಜಾರಾಗಿದ್ದು ಅದಕ್ಕೆ. ನಾಳೆ ನಿಜವಾಗಲೂ ತುರ್ತು ಸಂದೇಶ ಬಂದರೆ ಯಾರು ಕೇಳುತ್ತಾರೆ?

ಈಗ ನಮ್ಮಲ್ಲಿ ಒಂದು ನೋಟ್‌ಬುಕ್ ಇದೆ. ಯಾವ ನಂಬರಿನ ಜಾಗದಲ್ಲಿ ಯಾವ ಸಂದೇಶ, ಎಷ್ಟು ಸೆಕೆಂಡು, ಯಾರ ದನಿ, ಯಾವತ್ತು ಅಳಿಸಬೇಕು, ಅಳಿಸುವವರು ಯಾರು. ಕೊನೆಯ ಎರಡು ಕಾಲಂ ಖಾಲಿ ಇದ್ದರೆ ರೆಕಾರ್ಡಿಂಗ್ ಇಲ್ಲ. ಕಟ್ಟುನಿಟ್ಟು ಅನ್ನಿಸಬಹುದು, ಅನ್ನಿಸಲಿ ಬಿಡು.

ಎಷ್ಟು ಸೆಕೆಂಡು ಅಂತ ಬರೆಯೋಕೂ ಕಾರಣ ಇದೆ. ಹಳೆಯ ಕಂಟ್ರೋಲರ್‌ಗಳಲ್ಲಿ ದನಿ ತುಂಬಿಡುವ ಐಎಸ್‌ಡಿ 2560 ತರಹದ ಚಿಪ್ ಇರುತ್ತದೆ. ಒಟ್ಟು ಜಾಗ 60 ಸೆಕೆಂಡು. ಕರೆಂಟ್ ಹೋದರೂ ಮಾತು ಅಳಿಯಲ್ಲ, ಆ ಮಟ್ಟಿಗೆ ಗಟ್ಟಿ. ಆದರೆ ಅದರಲ್ಲಿ ಸಂದೇಶಗಳು ಒಂದರ ಬೆನ್ನಿಗೆ ಒಂದು ಕೂತಿರುತ್ತವೆ. ಮೊದಲನೆಯದನ್ನು ಅಳಿಸಿ ಅಲ್ಲೇ ಇನ್ನೂ ಉದ್ದದ್ದನ್ನು ಹೇಳಿದರೆ ಪಕ್ಕದ್ದರ ತಲೆ ಹಾರಿಹೋಗಬಹುದು. ನಿನ್ನ ಕಂಟ್ರೋಲರ್ ಹೊಸದು, ಜಾಗದ ಚಿಂತೆ ಇರಲಿಕ್ಕಿಲ್ಲ. ಆದರೂ ಮಾತು ಚಿಕ್ಕದಿರಲಿ, ಯಾಕೆಂದರೆ ಬ್ಯಾಟರಿ.

ಲೆಕ್ಕ ಹಾಕಿ ನೋಡು. ಅರ್ಧ ನಿಮಿಷದ ಸ್ವಾಗತವನ್ನು 10 ನಿಮಿಷಕ್ಕೊಮ್ಮೆ ಸುಮ್ನೆ ಹೇಳಿಸಿದರೆ ದಿನಕ್ಕೆ 72 ನಿಮಿಷ ಟ್ರಾನ್ಸ್‌ಮಿಟರ್ ಆನ್. ಸೆಟ್ 7 ಆಂಪಿಯರ್ ಎಳೆಯುತ್ತದೆ ಅಂದುಕೊಂಡರೆ 8 ಆಂಪಿಯರ್ ಅವರ್‌ಗಿಂತ ಜಾಸ್ತಿ ಖರ್ಚು, ಯಾರೂ ಒಂದು ಮಾತೂ ಆಡದೆ. ಬರೀ ಕಾಲ್‌ಸೈನ್ (ರಿಪೀಟರ್‌ನ ಗುರುತಿನ ಹೆಸರು) 5 ಸೆಕೆಂಡಿನಲ್ಲಿ ಮುಗಿಸಿದರೆ 12 ನಿಮಿಷ, ಒಂದೂವರೆ ಆಂಪಿಯರ್ ಅವರ್ ಕೂಡ ಆಗಲ್ಲ. ಜುಲೈನಲ್ಲಿ ಸಹ್ಯಾದ್ರಿಯ ಮೇಲೆ ಸೋಲಾರ್ ಪ್ಯಾನೆಲ್ ಇಟ್ಟವರಿಗೆ ಈ ವ್ಯತ್ಯಾಸ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬಳಕೆ ಇದ್ದಾಗ ಮಾತ್ರ ಕಾಲ್‌ಸೈನ್ ಹೇಳುವ ಹಾಗೆ ಸೆಟ್ಟಿಂಗ್ ಇದ್ದರೆ ಅದನ್ನೇ ಹಾಕು. ಇನ್ನೊಂದು ಸೆಟ್ಟಿಂಗ್ ಹುಡುಕು: ಯಾರಾದರೂ ಮಾತಾಡುತ್ತಿರುವಾಗ ದನಿಯ ಬದಲು ಸಣ್ಣಗೆ ಮೋರ್ಸ್‌ನಲ್ಲಿ (ಕಟ್ಟ ಕಡ ಸಂಕೇತದಲ್ಲಿ) ಕಾಲ್‌ಸೈನ್ ಕಳಿಸುವುದು. ಮಾತಿನ ಮೇಲೆ ಮಾತು ಬಿದ್ದರೆ ಎರಡೂ ತಿಳಿಯಲ್ಲ. ಮೋರ್ಸ್ ಅಡಿಯಲ್ಲಿ ತನ್ನ ಪಾಡಿಗೆ ಹೋಗುತ್ತದೆ.

ರೆಕಾರ್ಡಿಂಗ್ ದಿನ ಮನೆ ಶಾಂತ ಇರಲಿ. ಇಲ್ಲಿ ಒಬ್ಬರು ಅಡುಗೆಮನೆ ಪಕ್ಕ ಕೂತು ವಾಕಿಟಾಕಿಯಿಂದಲೇ ಹೇಳಿದರು. ಕಾಲ್‌ಸೈನಿನ ಮೊದಲ ಭಾಗ VU2, ಅಂದರೆ ‘ವಿಕ್ಟರ್ ಯೂನಿಫಾರ್ಮ್ ಟೂ’, ಆದ ತಕ್ಷಣ ಕುಕ್ಕರ್ ಸೀಟಿ. ಸ್ವಲ್ಪ ದಿನ ಇಡೀ ಪುಣೆಯ ಹ್ಯಾಮ್‌ಗಳಿಗೆ ಅವರ ಮನೆ ಕುಕ್ಕರ್ ಕೂಗಿತು. ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದ ಕೂಡಲೇ ಬಾಯಿ ತೆರೆಯಬೇಡ. ಮಾತಿನ ಜೊತೆ ಹೋಗುವ ಸಿಟಿಸಿಎಸ್‌ಎಸ್ ಎಂಬ ಗುರುತಿನ ಟೋನ್ ಗುರುತಿಸೋಕೆ ರಿಸೀವರ್‌ಗೆ ಒಂದಿಷ್ಟು ಹೊತ್ತು ಬೇಕು. ಅಷ್ಟರಲ್ಲಿ ‘ವಿಕ್ಟರ್’ ಹೋಗಿ ‘ಟರ್’ ಅಷ್ಟೇ ಉಳಿಯುತ್ತದೆ. ಮೈಕ್ ಬಾಯಿಗೆ ನೇರ ಬೇಡ, ಕೆನ್ನೆಯ ಪಕ್ಕ ಇರಲಿ, ಇಲ್ಲದಿದ್ದರೆ ‘ಪ’ಕಾರಗಳೆಲ್ಲ ಢಬ್ ಢಬ್ ಅನ್ನುತ್ತವೆ. ದನಿಯ ಮಟ್ಟ ನೇರ ಮಾತಿಗಿಂತ ಕೊಂಚ ಕಡಿಮೆ ಇಡು. ಸಿಗ್ನಲ್ ಚೆನ್ನಾಗಿರುವ ಮನೆಯಲ್ಲಿ ಕೂತು ಪರೀಕ್ಷೆ ಮಾಡಿದರೆ ಎಲ್ಲವೂ ಸೊಗಸಾಗಿಯೇ ಕೇಳುತ್ತದೆ. ಸಿಗ್ನಲ್ ಕುಂಟುವ ಜಾಗಕ್ಕೆ ಹೋಗಿ ಕೇಳು. ನಾನು ಲಕ್ಷ್ಮೀ ರಸ್ತೆಯ ಗದ್ದಲದಲ್ಲಿ ನಿಂತು ಕೇಳುತ್ತೇನೆ, ಅಲ್ಲಿ ಅರ್ಥವಾದರೆ ಪಾಸು.

ಮೇಲ್‌ಬಾಕ್ಸ್ ಬಗ್ಗೆ ಕೇಳಿದ್ದೀಯ, ಒಬ್ಬರಿಗಾಗಿ ಇನ್ನೊಬ್ಬರು ಸಂದೇಶ ಬಿಟ್ಟುಹೋಗುವುದು. ವಾಟ್ಸಾಪ್ ಇರುವಾಗ ಯಾರು ಬಳಸುತ್ತಾರೆ? ಇಷ್ಟಕ್ಕೂ ಗಾಳಿಯಲ್ಲಿ ಹೋಗಿದ್ದನ್ನು ಊರೆಲ್ಲಾ ಕೇಳುತ್ತದೆ. ನಾನಾಗಿದ್ದರೆ ಅದನ್ನು ಆಫ್ ಮಾಡಿ ಇಡುತ್ತೇನೆ.

ರೆಕಾರ್ಡ್ ಮಾಡುವ, ಅಳಿಸುವ ಕೋಡ್ ಬಗ್ಗೆ ಮಾತ್ರ ಹುಷಾರು. ಕೋಡ್ ಹೋಗುವುದು ಡಿಟಿಎಂಎಫ್‌ನಲ್ಲಿ, ಅಂದರೆ ಫೋನಿನ ಗುಂಡಿಗಳ ಟೋನ್‌ಗಳಲ್ಲಿ; 5 ಒತ್ತಿದರೆ 770 ಮತ್ತು 1336 ಹರ್ಟ್ಜ್ ಒಟ್ಟಿಗೆ ಹೊರಡುತ್ತವೆ. ಅದರಲ್ಲಿ ಗುಟ್ಟೇನೂ ಇಲ್ಲ. ಕಂಟ್ರೋಲರ್ ಆ ಟೋನ್‌ಗಳನ್ನು ಔಟ್‌ಪುಟ್‌ನಲ್ಲಿ ಮುಚ್ಚಿಬಿಟ್ಟರೂ ನಿನ್ನ ಹತ್ತಿರ ಇರುವವನು ಇನ್‌ಪುಟ್ ಫ್ರೀಕ್ವೆನ್ಸಿಯಲ್ಲಿ ಕೂತು ಆರಾಮಾಗಿ ಬರೆದುಕೊಳ್ಳಬಹುದು. ಆಗಾಗ ಬದಲಿಸು. ಸಾಧ್ಯವಾದರೆ ಕೋಡ್ ಕೇಳಿಸಿಕೊಳ್ಳೋಕೆ ಬೇರೆ ಬ್ಯಾಂಡಿನಲ್ಲಿ ಒಂದು ಕಂಟ್ರೋಲ್ ರಿಸೀವರ್ ಇಡು.

ದಸರಾಕ್ಕೆ ಊರಿಗೆ ಬರುವಾಗ ದನಿಯ ಮಟ್ಟ ಅಳೆಯೋಕೆ ಡಿವಿಯೇಷನ್ ಮೀಟರ್ ತರುತ್ತೇನೆ, ಒಟ್ಟಿಗೆ ಹೊಂದಿಸೋಣ. ಅಷ್ಟರೊಳಗೆ ಕಾಲ್‌ಸೈನ್ ಒಂದನ್ನು ರೆಕಾರ್ಡ್ ಮಾಡಿ ಇಟ್ಟಿರು. ಶುಭಾಶಯ ಆಮೇಲೆ ನೋಡೋಣ.

ನಿನ್ನ,
ಪುಣೆಯ ಗೆಳೆಯ