ದುರ್ಗಕ್ಕೆ ಬಾರದ ರೈಲು, ಜಾಜೂರಿಗೆ ಬಂದ ಜಂಕ್ಷನ್: ಗೆಳೆಯನಿಗೊಂದು ಪತ್ರ

ದಾವಣಗೆರೆ

ಆತ್ಮೀಯ ಗೆಳೆಯನಿಗೆ ನಮಸ್ಕಾರಗಳು.

ಚಿತ್ರದುರ್ಗದಂಥ ಜಿಲ್ಲಾ ಕೇಂದ್ರವನ್ನು ಬದಿಗೆ ಬಿಟ್ಟು ಚಿಕ್ಕಜಾಜೂರಿನಂಥ ಹಳ್ಳಿಯನ್ನು ರೈಲಿನವರು ಜಂಕ್ಷನ್ ಮಾಡಿದ್ದೇಕೆ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಈ ಕಥೆ ಬರದಿಂದ ಆರಂಭವಾಗುತ್ತದೆ. 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಹೊರಗಿನ ಧಾನ್ಯ ಬೆಂಗಳೂರಿನವರೆಗೆ ರೈಲಿನಲ್ಲಿ ಬಂದರೂ ಅಲ್ಲಿಂದ ಒಳನಾಡಿಗೆ ಸಾಗಿಸಲು ಎತ್ತಿನ ಗಾಡಿಯೇ ಗತಿಯಾಗಿತ್ತು, ಆ ಎತ್ತುಗಳಿಗೇ ಮೇವಿರಲಿಲ್ಲ. 1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಗೆ ಬಂದ ಮೇಲೆ ದಿವಾನ್ ರಂಗಾಚಾರ್ಲು ಅವರು ತುಮಕೂರಿನ ಕಡೆಗೆ ಹಳಿ ಹಾಕಿಸಲು ಮುಂದಾದರು. ಅದು 1884ರಲ್ಲಿ ತೆರೆಯಿತು. 1886ರಲ್ಲಿ ಮುಂದಿನ ಕೆಲಸ ಸದರನ್ ಮರಾಠಾ ರೈಲ್ವೆ ಕಂಪನಿಯ ಪಾಲಾಯಿತು. 1889ರ ಹೊತ್ತಿಗೆ ಮೀಟರ್ ಗೇಜ್, ಎಂದರೆ ಒಂದು ಮೀಟರ್ ಅಗಲದ ಹಳಿ ಸಂಸ್ಥಾನದ ಗಡಿಯಾದ ಹರಿಹರವನ್ನು ಮುಟ್ಟಿತು.

ಆದರೆ ಆ ಹಳಿ ತುಮಕೂರಿನಿಂದ ಶಿರಾ, ಹಿರಿಯೂರುಗಳ ನೇರ ದಾರಿಯನ್ನು ಹಿಡಿಯದೆ, ಪಶ್ಚಿಮಕ್ಕೆ ಹೊರಳಿ ತಿಪಟೂರು, ಅರಸೀಕೆರೆ, ಕಡೂರು, ಬೀರೂರುಗಳನ್ನು ಹಾದು, ಅಜ್ಜಂಪುರದ ಮೇಲೆ ಚಿಕ್ಕಜಾಜೂರಿಗೆ ಬಂದು ದಾವಣಗೆರೆಯನ್ನು ಸೇರಿತು. ತೆಂಗು, ಅಡಿಕೆಗಳ ಸೀಮೆಯಲ್ಲಿ ಸರಕು ಸಿಗುತ್ತದೆ, ದುರ್ಗದ ಬೆಂಗಾಡಿನಲ್ಲಿ ಏನು ಸಿಕ್ಕೀತು ಎಂಬ ವ್ಯಾಪಾರಿ ಲೆಕ್ಕ ಇದರ ಹಿಂದೆ ಇದ್ದಿರಬೇಕೆಂದು ನನಗೆ ಅನ್ನಿಸುತ್ತದೆ. ಇನ್ನೊಂದು ಸಂಗತಿಯನ್ನೂ ಮರೆಯಬಾರದು: 1882ರಲ್ಲಿ ಚಿತ್ರದುರ್ಗ ಜಿಲ್ಲೆಯ ಪದವಿಯನ್ನೇ ಕಳೆದುಕೊಂಡು ತುಮಕೂರಿನ ಉಪವಿಭಾಗವಾಗಿತ್ತು, 1886ರಲ್ಲಷ್ಟೇ ಆ ಸ್ಥಾನ ಮರಳಿ ಬಂತು. ಹಳಿಯ ದಾರಿ ನಿಶ್ಚಯವಾಗುತ್ತಿದ್ದ ಕಾಲದಲ್ಲಿ ದುರ್ಗದ ಪರವಾಗಿ ಗಟ್ಟಿಯಾಗಿ ಮಾತಾಡುವ ಕಚೇರಿಯೇ ಊರಿನಲ್ಲಿ ಇರಲಿಲ್ಲವೆಂದಾಯಿತು. 1748ರಲ್ಲಿ ದುರ್ಗದ ಹಿರೇ ಮದಕರಿನಾಯಕ ಯುದ್ಧದಲ್ಲಿ ಮಡಿದ ಮಾಯಕೊಂಡಕ್ಕೆ ರೈಲು ಬಂತು, ಅವನು ಆಳಿದ ಕೋಟೆಯ ಊರಿಗೆ ಬರಲಿಲ್ಲ!

ದುರ್ಗ ತನ್ನ ಗಾಡಿಗಾಗಿ 1921ರವರೆಗೆ ಕಾಯಬೇಕಾಯಿತು. ಆ ವರ್ಷ ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಸುಮಾರು 34 ಕಿಲೋಮೀಟರಿನ ಕವಲು ಹಾದಿ ತೆರೆಯಿತು, ಚಿಕ್ಕಜಾಜೂರು ಜಂಕ್ಷನ್ ಆಯಿತು. ಅಷ್ಟರಲ್ಲಿ ದಾವಣಗೆರೆ ಬಹಳ ಮುಂದೆ ಹೋಗಿತ್ತು. ಹೈದರಾಲಿಯ ಕಾಲದಲ್ಲಿ ಜಹಗೀರು ಪಡೆದ ಮರಾಠಾ ಸರದಾರ ಅಪ್ಪಾಜಿರಾಮ ವರ್ತಕರನ್ನು ಕರೆತಂದು ನೆಲೆಗೊಳಿಸಿದ್ದರಿಂದ ಪೇಟೆಯ ಗುಣ ಈ ಊರಿಗೆ ಮೊದಲೇ ಇತ್ತು, ನಿಜ. ಆದರೆ ಹತ್ತಿಯ ಅಂಡಿಗೆಗಳನ್ನು ನಿಲ್ದಾಣದ ಗೂಡ್ಸ್ ಶೆಡ್ಡಿನಲ್ಲೇ ಇಳಿಸಿ ಏರಿಸುವ ಅನುಕೂಲವಿಲ್ಲದಿದ್ದರೆ ಇಲ್ಲಿ ಅಷ್ಟು ಗಿರಣಿಗಳು ಏಳುತ್ತಿದ್ದವೆಂದು ನಾನು ನಂಬಲಾರೆ. 1997ರಲ್ಲಿ ದಾವಣಗೆರೆ ದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತಲ್ಲ, ಆ ಬೇರ್ಪಡೆಯ ಬೀಜ 1889ರ ಹಳಿಯಲ್ಲಿತ್ತು ಎನ್ನುವುದು ನನ್ನ ವಾದ. ಆ ಉಪಕಾರಕ್ಕೆ ನಾವು ತೆತ್ತ ಬೆಲೆಯೂ ಇದೆ: ಹಳಿ ಊರನ್ನು ಎರಡು ಪಾಲು ಮಾಡಿತು, ಅಶೋಕ ಟಾಕೀಸಿನ ಬಳಿಯ ರೈಲ್ವೆ ಗೇಟು ಬಿದ್ದಾಗಲೆಲ್ಲ ಹಳೇ ಊರು ಒಂದು ಕಡೆ, ಹೊಸ ಬಡಾವಣೆಗಳು ಇನ್ನೊಂದು ಕಡೆ ನಿಂತು ಹಾರನ್ ಒತ್ತಿದವು.

ಮೀಟರ್ ಗೇಜ್ ಕಾಲದ ಚಿಕ್ಕಜಾಜೂರು ನಿನಗೂ ನೆನಪಿರಬಹುದು. ಮುಖ್ಯ ಹಾದಿಯ ಗಾಡಿ ತಡವಾದರೆ ದುರ್ಗದ ಗಾಡಿ ಕಾಯುತ್ತಿತ್ತು. ಮದುವೆಗೆ ಹೊರಟವರು ಟ್ರಂಕಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಗಳು ಪರಿಚಯವೇ ಇಲ್ಲದವರ ಕೈಗೂ ಹೋಗುತ್ತಿದ್ದವು. ತೊಂಬತ್ತರ ದಶಕದಲ್ಲಿ ಮುಖ್ಯ ಹಾದಿ ಬ್ರಾಡ್ ಗೇಜ್ ಆಯಿತು. ಅದೇ ದಶಕದಲ್ಲಿ ದುರ್ಗದ ಆಚೆಗೂ ಹಳಿ ಬೆಳೆದು, ಚಳ್ಳಕೆರೆ, ಮೊಳಕಾಲ್ಮೂರುಗಳ ಮೂಲಕ ರಾಯದುರ್ಗವನ್ನು ಸೇರಿ ಬಳ್ಳಾರಿಯ ಹಾದಿಯನ್ನು ಕೂಡಿಕೊಂಡಿತು. ಈಗ ಜಾಜೂರಿನ ಪ್ಲಾಟ್‌ಫಾರಂನಲ್ಲಿ ನಿಂತರೆ ಪ್ರಯಾಣಿಕರ ಗಾಡಿಗಿಂತ ಅದಿರು ಹೊತ್ತ ಗೂಡ್ಸುಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ.

ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ದಾವಣಗೆರೆಗೆ ಬರುವ ನೇರ ಮಾರ್ಗದ ಕೆಲಸ ಭೂಸ್ವಾಧೀನದ ತೊಡಕುಗಳ ನಡುವೆ ವರ್ಷಗಳಿಂದ ಕುಂಟುತ್ತಾ ಸಾಗಿರುವುದು ನಿನಗೆ ಗೊತ್ತೇ ಇದೆ. ಬೆಂಗಳೂರಿನಿಂದ ನಮ್ಮೂರಿಗೆ ಹೆದ್ದಾರಿಯಲ್ಲಿ ಸುಮಾರು 260 ಕಿಲೋಮೀಟರಾದರೆ ರೈಲಿನಲ್ಲಿ ಸುಮಾರು 325. ಈ ಸುತ್ತು ತಪ್ಪಿದರೆ ಎಕ್ಸ್‌ಪ್ರೆಸ್ ಗಾಡಿಗಳು ಹೊಸ ಹಾದಿಗೆ ಹೊರಳುವುದು ಸಹಜ. ದುರ್ಗಕ್ಕೆ ತಡವಾಗಿಯಾದರೂ ನ್ಯಾಯ ಸಿಗುವುದರಲ್ಲಿ ನನಗೆ ಸಂತೋಷವೇ. ಆದರೆ ಅಜ್ಜಂಪುರ, ಚಿಕ್ಕಜಾಜೂರು, ಮಾಯಕೊಂಡ, ಕೊಡಗನೂರುಗಳ ಜನಕ್ಕೆ ಹಳೆಯ ಹಳಿಯೇ ಆಧಾರವಾದ್ದರಿಂದ, ಅಲ್ಲಿ ಓಡುವ ಪ್ಯಾಸೆಂಜರ್ ಗಾಡಿಗಳನ್ನು ಆಗ ಕಡಿಮೆ ಮಾಡಕೂಡದು ಎಂದು ಈಗಿನಿಂದಲೇ ಕೇಳಬೇಕಾಗಿದೆ. ಮನವಿಯ ಕರಡನ್ನು ನಾನು ಬರೆಯುತ್ತೇನೆ. ಹೊಳಲ್ಕೆರೆ ಕಡೆಯ ಸಹಿಗಳನ್ನು ನೀನು ಮಾಡಿಸಿಕೊಡು.

ಇಂತು ನಿನ್ನ ಗೆಳೆಯ